ಹದಿನೆಂಟನೇ ಶತಮಾನ: ಉಡಿಸುವ ಮುನ್ನ ಓದಿ

ಈ ಕೈಪಿಡಿ ಯಾರಿಗೆ

ಚೆಂಬೂರಿನಲ್ಲಿ ಬಿಡಾರವಿದ್ದು, ಮನೆಯಲ್ಲಿ ಮೂರರಿಂದ ಹತ್ತು ವರ್ಷದ ಒಳಗಿನ ಮಗುವೊಂದಿದ್ದು, ರಾಜ್ಯೋತ್ಸವಕ್ಕೆ ಹದಿನೈದು ದಿನ ಇದೆ ಅನ್ನುವಾಗ ವಾಟ್ಸಾಪಿನಲ್ಲಿ ‘ಛದ್ಮವೇಷ ಸ್ಪರ್ಧೆ, ವಿಷಯ: ಹದಿನೆಂಟನೇ ಶತಮಾನದ ಗಣ್ಯರು, ಅವಧಿ: ಎರಡು ನಿಮಿಷ’ ಎಂಬ ಸಂದೇಶ ಬಂದು ಬಿದ್ದಿರುವ ತಂದೆತಾಯಿಗಳಿಗೆ. ಅಜ್ಜಿಯರಿಗೂ ಅನ್ವಯ, ನಿಜವಾಗಿ ಹೊಲಿಯುವವರು ಅವರೇ.

ಬರೆಯುವವನ ಅರ್ಹತೆ: ಈ ಕಡೆಯ ಕನ್ನಡ ಕಾರ್ಯಕ್ರಮಗಳಲ್ಲಿ ಇಪ್ಪತ್ತು ವರ್ಷದಿಂದ ನಾನು ಸ್ಟೇಜಿನ ಹಿಂದೆ ನಿಂತು ಸೇಫ್ಟಿ ಪಿನ್ನು ಹಾಕುತ್ತಿದ್ದೇನೆ. ಮುಂದೆ ಕುಳಿತವರಿಗೆ ಮಹಾರಾಜ ಕಾಣುತ್ತಾನೆ. ನನಗೆ ಕಾಣುವುದು ಅವನ ಜಾರುತ್ತಿರುವ ಚಲ್ಲಣ.

ಈ ವಿಷಯವನ್ನು ಯಾಕೆ ಕೊಟ್ಟರು ಎಂದು ಕೇಳಬೇಡಿ. ‘ಸ್ವಾತಂತ್ರ್ಯ ಹೋರಾಟಗಾರರು’ ಎಂಬ ವಿಷಯ ವರ್ಷಗಟ್ಟಲೆ ಓಡಿತು. ಒಂದು ಸಲ ಏಳು ಮಂದಿ ಗಾಂಧೀಜಿ ಒಟ್ಟಿಗೆ ಬಂದು, ಇದ್ದ ಒಂದೇ ಊರುಗೋಲಿಗೆ ಕೈಕೈ ಮಿಲಾಯಿಸಿದರು. ಅಹಿಂಸೆ ಅಲ್ಲಿಗೆ ಮುಗಿಯಿತು, ವಿಷಯವೂ ಬದಲಾಯಿತು.

ಕಲಮು ಒಂದು: ಲೆಕ್ಕ ಸರಿಮಾಡಿಕೊಳ್ಳಿ

ಹದಿನೆಂಟನೇ ಶತಮಾನ ಅಂದರೆ 1701ರಿಂದ 1800. ‘ಹದಿನೆಂಟುನೂರ’ ಎಂದು ಶುರುವಾಗುವ ಇಸವಿಗಳಲ್ಲ. ಇಷ್ಟು ಹೇಳಿದ ಮೇಲೂ ಯಾರೋ ಒಬ್ಬರು ‘ಹದಿನೆಂಟುನೂರ ಅರವತ್ತೊಂದು, ವಿಶ್ವೇಶ್ವರಯ್ಯ’ ಎಂದು ಪೇಟ ಸುತ್ತಿಸಿಕೊಂಡು ಬರುತ್ತಾರೆ. ಅವರನ್ನು ವಾಪಸು ಕಳಿಸಬೇಡಿ, ಪೇಟ ಇನ್ನೊಬ್ಬರಿಗೆ ಬೇಕಾಗುತ್ತದೆ.

ತಕರಾರು ಬರುವುದು ಗಡಿಯಲ್ಲಿ ನಿಂತವರದ್ದು. ಪೇಶ್ವೆ ಬಾಜಿರಾಯ ಹುಟ್ಟಿದ್ದು 1700ರ ಆಗಸ್ಟಿನಲ್ಲಿ, ಲೆಕ್ಕ ಹಿಡಿದರೆ ಹಿಂದಿನ ಶತಮಾನದವನು. ಕಿತ್ತೂರು ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬ್ರಿಟಿಷರನ್ನು ಮಣ್ಣು ಮುಕ್ಕಿಸಿದ್ದು 1824ರಲ್ಲಿ. ಸಂಗೊಳ್ಳಿ ರಾಯಣ್ಣ 1798ರವನು. ಶತಮಾನ ಮುಗಿಯುವಾಗ ತೊಟ್ಟಿಲು ಬಿಟ್ಟು ಆಗಷ್ಟೇ ಅಂಗಳಕ್ಕೆ ಇಳಿದಿರಬೇಕು. ಚೆನ್ನಮ್ಮ ಇಲ್ಲದ ರಾಜ್ಯೋತ್ಸವ ಉಂಟೇ ಮಾರಾಯ್ರೇ? ಸಮಿತಿ ಎರಡು ಗಂಟೆ ಚರ್ಚಿಸಿ, ಎರಡು ಸುತ್ತು ಚಹಾ ಕುಡಿದು, ಒಂದು ನಿಯಮ ಮಾಡಿತು: ‘ಆ ಶತಮಾನದಲ್ಲಿ ಹುಟ್ಟಿದ್ದರೂ ಸರಿ, ದೊಡ್ಡವರಾಗಿದ್ದರೂ ಸರಿ.’ ಈ ನಿಯಮವನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ. ಕೊನೆಯ ಕಲಮಿನಲ್ಲಿ ಬೇಕಾಗುತ್ತದೆ.

ಹುಟ್ಟಿದ ತಾರೀಖಿನ ಮೇಲೆ ಜಗಳ ಹತ್ತಿದರೆ ಜಾರ್ಜ್ ವಾಷಿಂಗ್ಟನ್ನನ್ನು ನೆನಪಿಸಿ. ಇಂಗ್ಲಿಷರು 1752ರಲ್ಲಿ ಕ್ಯಾಲೆಂಡರ್ ಬದಲಿಸಿ, ಸೆಪ್ಟೆಂಬರ್ 2ರ ಮರುದಿನವೇ 14 ಎಂದು ಸಾರಿದರು. ಅವನ ಹುಟ್ಟುಹಬ್ಬವೂ 1731ರ ಫೆಬ್ರುವರಿ 11ರಿಂದ ಎದ್ದು 1732ರ ಫೆಬ್ರುವರಿ 22ಕ್ಕೆ ಹೋಗಿ ಕುಳಿತಿತು. ಆಧಾರ್ ಕಾರ್ಡಿನಲ್ಲಿ ಹೀಗಾಗಿದ್ದರೆ ಅವನು ಅಧ್ಯಕ್ಷನಾಗುವ ಬದಲು ಸೇತು ಕೇಂದ್ರದ ಸಾಲಿನಲ್ಲಿ ನಿಂತಿರುತ್ತಿದ್ದ.

ಕಲಮು ಎರಡು: ಕತ್ತಿ ಮಾದರಿ

ನೂರಕ್ಕೆ ತೊಂಬತ್ತು ಪೋಷಕರು ಆರಿಸುವುದು ಇದನ್ನೇ, ಯಾಕೆಂದರೆ ಇದು ಬಾಡಿಗೆಗೆ ಸಿಗುತ್ತದೆ. ಸ್ಟೇಷನ್ ಕಡೆಯ ಬಾಡಿಗೆ ಡ್ರೆಸ್ ಅಂಗಡಿಗೆ ಹೋಗಿ ‘ಹೈದರ್ ಅಲಿ ಕೊಡಿ’ ಎಂದರೆ ಒಂದು ಮೆರೂನ್ ವೆಲ್ವೆಟ್ ಕೋಟು ಕೊಡುತ್ತಾರೆ. ‘ರಾಯಣ್ಣ ಕೊಡಿ’ ಎಂದರೂ ಅದೇ ಕೋಟು. ಅಂಚಿನ ಜರಿ ಒಂದು ಕಡೆ ಬಿಟ್ಟುಹೋಗಿದ್ದು, ಒಳಗೆ ಹಿಂದಿನ ವಾರದ ಅಕ್ಬರನ ಬೆವರಿನ ವಾಸನೆ ಇರುತ್ತದೆ. ಕತ್ತಿಗೆ ಬೇರೆ ಡಿಪಾಸಿಟ್.

ಟಿಪ್ಪು ಸುಲ್ತಾನ್ (ಮಡಿದದ್ದು 1799ರ ಮೇ 4, ಶ್ರೀರಂಗಪಟ್ಟಣದ ಕೋಟೆಯಲ್ಲಿ): ಹಾಕಿಸಿದರೆ ಸಭೆಯ ಎಡಗಡೆಯವರು ಎದ್ದು ನಿಲ್ಲುತ್ತಾರೆ, ಹಾಕಿಸದಿದ್ದರೆ ಬಲಗಡೆಯವರು ಯಾಕೆ ಎಂದು ಕೇಳುತ್ತಾರೆ, ಕೆಲವೊಮ್ಮೆ ಅದಲುಬದಲು. ಮಗುವಿಗೆ ಮಾತ್ರ ಹುಲಿಪಟ್ಟೆಯ ಅಂಗಿ ಒಂದೇ ಮುಖ್ಯ. ನಮ್ಮಲ್ಲಿ ಮೋನೊರೈಲಿನ ದಾರಿಯಲ್ಲಿ ‘ಮೈಸೂರ್ ಕಾಲೋನಿ’ ಎಂಬ ನಿಲ್ದಾಣವೂ ಇರುವುದರಿಂದ, ಟಿಪ್ಪು ಅಲ್ಲಿಗೆ ಬಂದಿದ್ದ ಎಂದು ಭಾಷಣದಲ್ಲಿ ಸೇರಿಸಬೇಡಿ. ಒಬ್ಬರು ಸೇರಿಸಿದ್ದರು. ಚಪ್ಪಾಳೆಯೂ ಬಿತ್ತು.

ಒನಕೆ ಓಬವ್ವ: ಚಿತ್ರದುರ್ಗ ಹೈದರನ ಕೈಗೆ ಹೋದದ್ದು 1779ರಲ್ಲಿ. ವೇಷಕ್ಕೆ ಕಚ್ಚೆ ಸೀರೆ ಒಂದು, ಒನಕೆ ಒಂದು. ಸೀರೆ ಸಿಗುತ್ತದೆ. ಒನಕೆ ಹುಡುಕಿಕೊಂಡು ನೀವು ಚೆಂಬೂರು ಕ್ಯಾಂಪಿನಿಂದ ತಿಲಕ ನಗರದವರೆಗೆ ಅಲೆಯಬಹುದು. ಎರಡು ಅಡಿ ಪಿವಿಸಿ ಪೈಪಿಗೆ ಕಂದು ಬಣ್ಣದ ಟೇಪು ಸುತ್ತುವುದೇ ರೂಢಿ. ಕಿಂಡಿಯ ಬದಲು ಎರಡು ಪ್ಲಾಸ್ಟಿಕ್ ಕುರ್ಚಿಗಳ ನಡುವಿನ ಸಂದು. ಅದರೊಳಗಿಂದ ತಲೆ ಹಾಕುವ ಸೈನಿಕನ ಪಾತ್ರಕ್ಕೆ ಅಣ್ಣನನ್ನು ಹಾಕಬಾರದು. ಹಳೆ ಲೆಕ್ಕಗಳು ಚುಕ್ತಾ ಆಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಧೋಂಡಿಯ ವಾಘ್: ಚನ್ನಗಿರಿಯವನು. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು ದಂಡು ಕಟ್ಟಿ, ತಾನು ಎರಡು ಲೋಕಗಳ ಒಡೆಯ ಎಂದು ಬಿರುದು ಹಾಕಿಕೊಂಡ. 1800ರ ಸೆಪ್ಟೆಂಬರ್ 10ರಂದು ಬಿದ್ದ. ಅವನನ್ನು ಅಟ್ಟಿಸಿಕೊಂಡು ಹೋದ ಆರ್ಥರ್ ವೆಲ್ಲೆಸ್ಲಿ ಮುಂದೆ ನೆಪೋಲಿಯನ್ನನನ್ನೇ ಸೋಲಿಸಿದ. ಇಷ್ಟು ಒಳ್ಳೆಯ ಪಾತ್ರವನ್ನು ಇದುವರೆಗೆ ಒಂದು ಮಗುವೂ ಹಾಕಿಲ್ಲ. ಎರಡು ಲೋಕದ ಒಡೆಯನಿಗೂ ಕೊಡುವುದು ಅದೇ ಮೆರೂನ್ ಕೋಟು.

ಕಲಮು ಮೂರು: ಕತ್ತಿ ಇಲ್ಲದ ಮಾದರಿ

ಡಿಪಾಸಿಟ್ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ. ಆದರೆ ಸ್ವಲ್ಪ ಓದಬೇಕಾಗುತ್ತದೆ.

ದಾಸರು ಎಲ್ಲಕ್ಕಿಂತ ಅಗ್ಗ. ವಿಜಯದಾಸರು (1682–1755), ಗೋಪಾಲದಾಸರು, ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು (1728–1809), ಯಾರಾದರೂ ಆದೀತು. ಅಜ್ಜನ ಶಲ್ಯ, ಗೋಪೀಚಂದನ, ರಟ್ಟಿನ ತಂಬೂರಿ, ಕಾಲಿಗೆ ಗೆಜ್ಜೆ. ಹುಡುಗಿಯಾದರೆ ಹೆಳವನಕಟ್ಟೆ ಗಿರಿಯಮ್ಮ. ಒಂದೇ ತೊಡಕೆಂದರೆ ದಾಸರಾದವರು ಹಾಡಬೇಕು. ನಮ್ಮ ಮಕ್ಕಳು ಮರಾಠಿ, ಹಿಂದಿ, ಇಂಗ್ಲಿಷ್, ಮನೆಯಲ್ಲಿ ತುಳು ಮಾತಾಡಿ ನಾಲಿಗೆ ಹೊರಳಿಸಿಕೊಂಡವರು. ‘ಳ’ ಬರುತ್ತದೆ, ಅಲ್ಪಪ್ರಾಣ ಮಹಾಪ್ರಾಣ ಜಾಗ ಬದಲಿಸುತ್ತವೆ.

ದಿವಾನ್ ಪೂರ್ಣಯ್ಯ (1746–1812) ಕೆಲಸಕ್ಕೆ ಹೋಗುವ ತಂದೆತಾಯಿಗಳಿಗೆ ಹೇಳಿ ಮಾಡಿಸಿದ ವೇಷ. ಹೈದರನ ಕಾಲದಲ್ಲಿ ಲೆಕ್ಕ, ಟಿಪ್ಪುವಿನ ಕಾಲದಲ್ಲಿ ಲೆಕ್ಕ, ಟಿಪ್ಪು ಬಿದ್ದು ಒಡೆಯರು ಮರಳಿ ಬಂದಾಗ ದಿವಾನಗಿರಿ. ಮೂರು ಮ್ಯಾನೇಜ್‌ಮೆಂಟ್ ಬದಲಾದರೂ ಮೇಜು ಬದಲಾಗದವನು. ಕೈಯಲ್ಲಿ ಒಂದು ಕಡತ ಇರಲಿ, ಫೈಲಿಗೆ ಈಗ ನಾವನ್ನುವ ಕಡತವಲ್ಲ, ನಿಜವಾದ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಮಡಿಕೆಮಡಿಕೆಯಾಗಿ ಮಡಚಿ, ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ನಾನು ಒಮ್ಮೆ ಅಡುಗೆಮನೆಯಲ್ಲಿ ಮಾಡಲು ಹೋದೆ. ಕಡತ ಆಗಲಿಲ್ಲ, ಕುಕ್ಕರು ಮಾತ್ರ ಕಪ್ಪಾಯಿತು. ಕಪ್ಪು ಚಾರ್ಟ್ ಪೇಪರನ್ನು ಬೀಸಣಿಗೆಯ ಹಾಗೆ ಮಡಚಿ, ಚಾಕ್‌ಪೀಸ್ ಕೊಡಿ. ಸಾಕು.

ಸೂರತ್ತಿನಿಂದ 1736ರಲ್ಲಿ ಬಡಗಿಗಳೊಂದಿಗೆ ಬೊಂಬಾಯಿಗೆ ಬಂದು ಹಡಗು ಕಟ್ಟಿದ ಲವಜಿ ನಸರವಾನಜಿ ವಾಡಿಯಾ (1702–1774): ಬಿಳಿ ಅಂಗರಖಾ, ಪಗಡಿ, ಕೈಯಲ್ಲಿ ಅಳತೆಕೋಲು. 1750ರಲ್ಲಿ ಇಲ್ಲಿ ಒಣಗೋದಿ ಎದ್ದದ್ದು ಅವನ ಕೈಗೆಲಸದಿಂದ. ‘ಪಗಡಿ ಬೇಕು’ ಎಂದು ಬಿಲ್ಡಿಂಗಿನಲ್ಲಿ ಜೋರಾಗಿ ಹೇಳಬೇಡಿ. ಮುಂಬಯಿಯಲ್ಲಿ ಪಗಡಿ ಅಂದರೆ ಹಳೆ ಬಾಡಿಗೆಮನೆಯ ಹಕ್ಕು, ಬ್ರೋಕರ್ ಮನೆಗೇ ಬರುತ್ತಾನೆ.

ಸೇನಾಧಿಕಾರಿ ಸಾಮಾಜಿ ಹಸಾಜಿ ದಿವೇಕರ್‌ನನ್ನು ಇಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಕತ್ತಿ ಇತ್ತು, ಆದರೆ ಕತೆ ಕತ್ತಿಯದ್ದಲ್ಲ. ಕೊಂಕಣದ ಬೆನೆ ಇಸ್ರೇಲ್ ಯೆಹೂದಿ, ಬೊಂಬಾಯಿ ದಂಡಿನಲ್ಲಿದ್ದವನು, ಮೈಸೂರಿನ ಯುದ್ಧದಲ್ಲಿ ಟಿಪ್ಪುವಿಗೆ ಸೆರೆ ಸಿಕ್ಕ. ಯಾವ ಕುಲ ಎಂದು ಕೇಳಿದಾಗ ‘ಬೆನೆ ಇಸ್ರೇಲ್’ ಎಂದನಂತೆ. ಆ ಹೆಸರು ಕುರಾನಿನಲ್ಲಿ ಉಂಟಲ್ಲ ಎಂದು ಟಿಪ್ಪುವಿನ ತಾಯಿ ಬಿಡಿಸಿದಳು ಎಂದು ಆ ಸಮುದಾಯದವರು ಹೇಳುತ್ತಾರೆ. ಬದುಕಿ ಬಂದವನು 1796ರಲ್ಲಿ ಮಾಂಡವಿಯಲ್ಲಿ ಸಿನಗಾಗ್ ಕಟ್ಟಿಸಿದ. ಚೆಂಬೂರಿನಿಂದ ಹಾರ್ಬರ್ ಲೈನ್ ಹಿಡಿದು ಕೊನೆಯದಕ್ಕಿಂತ ಒಂದು ಸ್ಟೇಷನ್ ಮೊದಲು ಇಳಿದರೆ ಮಸ್ಜಿದ್; ಆ ಹೆಸರು ಈ ಸಿನಗಾಗಿನಿಂದಲೇ ಬಂತು ಎನ್ನುವವರಿದ್ದಾರೆ. ದಿನಾ ಆ ಬೋರ್ಡು ನೋಡಿ ದಾಟುವ ನಾನು ಅದನ್ನು ತಿಳಿದದ್ದು ನಲವತ್ತು ದಾಟಿದ ಮೇಲೆ.

ಈಗ ನನ್ನ ಮೆಚ್ಚಿನ ಮಾದರಿ, ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ಕಾರ್ಸ್ಟೆನ್ ನೀಬೂರ್, 1733–1815. ಉತ್ತರ ಜರ್ಮನಿಯ ಜೌಗುನಾಡಿನ ರೈತನ ಮಗ, ಮೋಜಣಿ ಕಲಿತವನು. ಡೆನ್ಮಾರ್ಕಿನ ರಾಜ ಅರೇಬಿಯಾವನ್ನು ತಿಳಿದುಬನ್ನಿ ಎಂದು 1761ರಲ್ಲಿ ಕಳಿಸಿದ ಆರು ಮಂದಿಯಲ್ಲಿ ಒಬ್ಬ. ಭಾಷಾ ಪಂಡಿತ ಯೆಮೆನ್ನಿನಲ್ಲಿ ಸತ್ತ. ಲಿನ್ನೇಯಸ್‌ನ ಶಿಷ್ಯನಾಗಿದ್ದ ಸಸ್ಯಶಾಸ್ತ್ರಿಯೂ ಅಲ್ಲೇ ಸತ್ತ. ಚಿತ್ರಕಾರ ಮತ್ತು ಆಳು ಬೊಂಬಾಯಿಗೆ ಬರುವ ಹಡಗಿನಲ್ಲಿ ಸತ್ತರು. ವೈದ್ಯ ಬೊಂಬಾಯಿಗೆ ಬಂದು, 1764ರಲ್ಲಿ ಇಲ್ಲಿ ಸತ್ತ. ಉಳಿದವನು ಅಳೆಯುವವನೊಬ್ಬನೇ. ಜೊತೆಯವರು ಎಲ್ಲಿ ಹೋದರೂ ಯುರೋಪಿನ ಹಾಗೆಯೇ ಉಂಡು, ಅದರಿಂದಲೇ ಕಾಯಿಲೆ ಬಿದ್ದರು ಎಂದು ಅವನು ಆಮೇಲೆ ಬರೆದ. ತಾನು ಊರಿನವರ ಹಾಗೆ ಉಟ್ಟ, ಊರಿನವರ ಹಾಗೆ ಉಂಡ. ಛದ್ಮವೇಷ ಸ್ಪರ್ಧೆಗೆ ಇದಕ್ಕಿಂತ ಯೋಗ್ಯ ಅಭ್ಯರ್ಥಿ ಯಾರು? ವೇಷ ಹಾಕಿದ್ದಕ್ಕೆ ಬಹುಮಾನವಾಗಿ ಜೀವವೇ ಸಿಕ್ಕವನು. (ನನ್ನ ಅಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲಿಗೆ ಸೇರಿದ ಮೊದಲ ತಿಂಗಳ ಸಂಬಳದಲ್ಲಿ ಕೊಂಡದ್ದು ಪ್ಯಾಂಟು. ಆ ಪ್ಯಾಂಟಿನ ಮೇಲೆ ಮುಂಡು ಸುತ್ತಿಕೊಂಡೇ ಮಲಗುತ್ತಿದ್ದರಂತೆ.)

ಬೊಂಬಾಯಿಯಲ್ಲಿದ್ದ ಒಂದು ವರ್ಷಕ್ಕೂ ಮೀರಿದ ದಿನಗಳಲ್ಲಿ ನೀಬೂರ್ ನಮ್ಮ ಟ್ರಾಂಬೆ ಗುಡ್ಡದ ಆಚೆ ನೀರಿನಲ್ಲಿರುವ ಘಾರಾಪುರಿಗೆ ಹೋಗಿ, ಗುಹೆಯ ಕಂಬಗಳನ್ನು ಅಳೆದು, ಶಿವನ ಮೂರ್ತಿಗಳನ್ನು ಬಿಡಿಸಿದ. ಚಿತ್ರಕಾರ ಸತ್ತಿದ್ದನಲ್ಲ, ಅವನ ಕೆಲಸವೂ ಇವನ ತಲೆಗೆ ಬಂದಿತ್ತು. ಮನೆಗೆ ಮರಳುವ ದಾರಿಯಲ್ಲಿ ಪರ್ಸೆಪೊಲಿಸಿನ ಕಲ್ಲುಗಳ ಮೇಲಿದ್ದ ಮೊಳೆಲಿಪಿಯನ್ನು ಗೆರೆಗೆರೆ ನಕಲು ಮಾಡಿದ. ಒಂದಕ್ಷರ ಅರ್ಥವಾಗದೆ ಮಾಡಿದ ಆ ನಕಲನ್ನು ಹಿಡಿದೇ ಮುಂದಿನವರು ಆ ಲಿಪಿಯನ್ನು ಓದಿದರು. ಕೊಟ್ಟ ಬಿರುದನ್ನೂ ಒಲ್ಲೆನೆಂದ.

ಅವನು ಅಳೆಯುವ ಹೊತ್ತಿಗೆ ಈ ನೆಲ ಯಾರದ್ದು ಎನ್ನುವುದೂ ಒಂದು ತಮಾಷೆ. ಚೆಂಬೂರಿರುವ ಈ ಸಾಷ್ಟಿ ಸೀಮೆ ಶತಮಾನದ ಮೊದಲಿಗೆ ಪೋರ್ತುಗೀಸರದ್ದು. 1737–39ರಲ್ಲಿ ಬಾಜಿರಾಯನ ತಮ್ಮ ಚಿಮಾಜಿ ಅಪ್ಪ ಕಿತ್ತುಕೊಂಡ. 1774ರ ಕೊನೆಗೆ ಇಂಗ್ಲಿಷರು ಕಿತ್ತುಕೊಂಡರು, 1782ರ ಸಾಲ್ಬಾಯಿ ಒಪ್ಪಂದದಲ್ಲಿ ಕಾಗದಪತ್ರ ಮಾಡಿಸಿಕೊಂಡರು. ಈಗಿನ ರೀಡೆವಲಪ್‌ಮೆಂಟಿನ ಹಾಗೆಯೇ. ಮೊದಲು ಸ್ವಾಧೀನ, ಆಮೇಲೆ ದಸ್ತಾವೇಜು.

ಸಾಮಾನು: ಉದ್ದನೆಯ ನೈಟಿ (ಅರಬ್ಬಿ ನಿಲುವಂಗಿ ಎಂದು ತಿಳಿಯತಕ್ಕದ್ದು), ತಲೆಗೆ ಟವೆಲಿನ ಮುಂಡಾಸು, ಟೈಲರನ ಟೇಪು, ಕಂಪಾಸ್ ಬಾಕ್ಸಿನ ಪ್ರೊಟ್ರ್ಯಾಕ್ಟರ್. ಒಂದು ವರ್ಷ ಒಬ್ಬ ಮೂರನೇ ಕ್ಲಾಸಿನ ಹುಡುಗ ನನ್ನ ಮಾತು ಕೇಳಿ ನೀಬೂರ್ ಆದ. ಸ್ಟೇಜಿಗೆ ಹೋಗಿ ಹೇಳಬೇಕಾದದ್ದೆಲ್ಲ ಮರೆತು, ತೀರ್ಪುಗಾರರ ಮೇಜಿನ ಎತ್ತರ ಅಳೆದು, ಮೈಕಿನಲ್ಲಿ ‘ಎರಡು ಅಡಿ ಆರು ಇಂಚು’ ಎಂದು ಹೇಳಿ ಇಳಿದುಬಂದ. ಸಮಾಧಾನಕರ ಬಹುಮಾನ. ಅಂದಿನ ಮೂವರು ಚೆನ್ನಮ್ಮಂದಿರು ಏನು ಹೇಳಿದರೋ ನೆನಪಿಲ್ಲ. ಆ ಮೇಜಿನ ಎತ್ತರ ಇವತ್ತಿಗೂ ನೆನಪಿದೆ.

ಕಲಮು ನಾಲ್ಕು: ಪರದೇಶದ ಮಾಲು

ಮೊಜಾರ್ಟ್ (1756–1791). ಹತ್ತಿಯ ವಿಗ್ಗು ಬೇಕಾಗುತ್ತದೆ. ನವೆಂಬರಿನಲ್ಲೂ ಸೆಕೆ ಇಳಿಯದ ಈ ಊರಿನಲ್ಲಿ ಅಂಟು ಕರಗಿ, ಮೊದಲ ನಿಮಿಷಕ್ಕೆ ಮೊಜಾರ್ಟ್, ಎರಡನೇ ನಿಮಿಷಕ್ಕೆ ಮುದುಕಿ.

ಬೆಂಜಮಿನ್ ಫ್ರಾಂಕ್ಲಿನ್‌ಗೆ ಗಾಳಿಪಟ ಬೇಕು. ಗಾಳಿಪಟ ಧಾರಾಳವಾಗಿ ಸಿಗುವುದು ಜನವರಿ ಸಂಕ್ರಾಂತಿಗೆ. ಮುಂದಕ್ಕೆ ಹೋಗಿ.

ಬಾಯಿಬಿಡದ ಮಗುವಾದರೆ ವಾಷಿಂಗ್ಟನ್ ಮಾಡಿಸಿ. 1789ರಲ್ಲಿ ಅಧ್ಯಕ್ಷನಾಗಿ ಪ್ರಮಾಣ ಮಾಡುವಾಗ ಅವನಿಗೆ ಉಳಿದಿದ್ದದ್ದು ಒಂದೇ ಸ್ವಂತ ಹಲ್ಲು, ಮಿಕ್ಕಿದ್ದೆಲ್ಲ ಕಟ್ಟಿಸಿದ್ದು. ತುಟಿ ಬಿಗಿಹಿಡಿದು ನಿಂತರೆ ಅದೇ ಅಭಿನಯ.

ಹಲ್ಲಿನ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಮುಂದಿನ ಎರಡು ಹಲ್ಲು ಬಿದ್ದು ನಗಲು ನಾಚುವ ಎರಡನೇ ಕ್ಲಾಸಿನ ಹುಡುಗಿಯರು ಪ್ರತಿ ವರ್ಷ ಇರುತ್ತಾರೆ. ಅವರಿಗೆ ಫಿಲಿಸ್ ವೀಟ್ಲಿ. 1761ರಲ್ಲಿ ಆಫ್ರಿಕಾದಿಂದ ಗುಲಾಮರನ್ನು ತುಂಬಿದ ಹಡಗೊಂದು ಬಾಸ್ಟನ್ನಿಗೆ ಬಂತು. ಅದರೊಳಗಿಂದ ಇಳಿದ ಮಗುವಿಗೆ ಎಷ್ಟು ವಯಸ್ಸು ಎಂದು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಹಲ್ಲು ಬಿದ್ದಿದೆ, ಏಳಿರಬಹುದು ಎಂದು ಅಂದಾಜು ಮಾಡಿದರು. ಹೆಸರೂ ಗೊತ್ತಿರಲಿಲ್ಲ, ಹಡಗಿನ ಹೆಸರು ಫಿಲಿಸ್, ಅದನ್ನೇ ಇಟ್ಟರು. ಕೊಂಡವರ ಮನೆಯಲ್ಲಿ ಓದುಬರಹ ಕಲಿತಳು. ಅವಳ ಕವಿತೆಗಳ ಪುಸ್ತಕ 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮೂವತ್ತರ ಆಸುಪಾಸಿನಲ್ಲಿ, 1784ರಲ್ಲಿ, ಬಡತನದಲ್ಲಿ ಸತ್ತಳು. ವೇಷಕ್ಕೆ ಬಿಳಿ ಟೊಪ್ಪಿ, ಗರಿಯ ಲೇಖನಿ. ಮುಖಕ್ಕೆ ಬಣ್ಣ ಬಳಿಯಬೇಡಿ. ಬಳಿದರೆ ನಾನು ಸ್ಟೇಜಿಗೆ ಬಿಡುವುದಿಲ್ಲ. ಹಲ್ಲು ಇಲ್ಲದ ಜಾಗವನ್ನು ತೋರಿಸಿದರೆ ಸಾಕು.

ಕಲಮು ಐದು: ದೋಷ ಕಂಡುಬಂದಲ್ಲಿ

ಮೀಸೆ ಬಿದ್ದರೆ: ಎತ್ತಿಕೊಳ್ಳಬೇಡಿ, ಮುಂದಿನ ಮಗು ತುಳಿದು ಕಾಲಿಗೆ ಅಂಟಿಸಿಕೊಂಡು ಬರುತ್ತದೆ.

ಮಗು ಅತ್ತರೆ: ಯಾವ ಪಾತ್ರವಾದರೂ ಅಳಬಹುದು. ಆ ಶತಮಾನದಲ್ಲಿ ಅಳಲು ಎಲ್ಲರಿಗೂ ಕಾರಣವಿತ್ತು.

ಮಗು ಅಳದೆ ತಾಯಿ ಅತ್ತರೆ: ಚಹಾ.

ತೀರ್ಪುಗಾರರು ‘ಇವರು ಯಾರು?’ ಎಂದು ಕೇಳಿದರೆ: ನೀವು ಸರಿಯಾದವರನ್ನು ಆರಿಸಿದ್ದೀರಿ ಎಂದರ್ಥ.

ಕಲಮು ಆರು: ಮೂರು ವರ್ಷದವರಿಗೆ

ಈ ಅಳತೆಯ ಗಣ್ಯರು ಸಿಗುವುದು ಕಷ್ಟ. ಎರಡನೇ ಮಹಡಿಯ ಅಕ್ಕ ತನ್ನ ಮಗಳನ್ನು ಎತ್ತಿಕೊಂಡು ಬಂದು, ‘ಅಣ್ಣ, ಇವಳಿಗೆ ಮಾತು ಬರುವುದಿಲ್ಲ, ಕತ್ತಿ ಕೊಟ್ಟರೆ ಬಾಯಿಗೆ ಹಾಕುತ್ತಾಳೆ, ಏನು ಮಾಡಲಿ?’ ಎಂದಾಗ ನಾನೂ ಒಂದು ರಾತ್ರಿ ತಲೆ ಕೆರೆದುಕೊಂಡೆ.

ಅನ್ನಾ ಡಸ್ಟ್‌ಹಾಲ್. ಬೊಂಬಾಯಿಯ ಮಗು, ಮೂರು ವರ್ಷ. ಜೆನ್ನರ್ 1796ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ಸಿಡುಬಿನ ಲಸಿಕೆಯನ್ನು ನಮ್ಮ ದೇಶಕ್ಕೆ ತರುವುದೇ ದೊಡ್ಡ ಪಡಿಪಾಟಲಾಗಿತ್ತು. ಫ್ರಿಜ್ಜಿಲ್ಲದ ಕಾಲ, ಹಡಗಿನ ಸೆಕೆಗೆ ಅದು ಸತ್ತುಹೋಗುತ್ತಿತ್ತು. ವಿಯೆನ್ನಾದಿಂದ ಹೊರಟದ್ದು ಬಗ್ದಾದು, ಬಸ್ರಾ ಹಾದು, ತೋಳಿನಿಂದ ತೋಳಿಗೆ ದಾಟುತ್ತ ದಾಟುತ್ತ ಇಲ್ಲಿ ಮುಟ್ಟಿತು. 1802ರ ಜೂನ್ 14ರಂದು ಈ ಮಗುವಿನ ತೋಳಿಗೆ ಚುಚ್ಚಿದರು. ಹಿಡಿಯಿತು. ಅವಳ ತೋಳಿನ ಗುಳ್ಳೆಯ ರಸದಿಂದ ಇನ್ನಷ್ಟು ಮಕ್ಕಳಿಗೆ, ಆ ಮಕ್ಕಳಿಂದ ಬೇರೆ ಊರುಗಳಿಗೆ. ಕೆಲವೇ ವರ್ಷಗಳಲ್ಲಿ ಮೈಸೂರು ಸೀಮೆಯಲ್ಲಿ ಫ್ರೆಂಚ್ ಪಾದ್ರಿ ದುಬಾಯ್ ಹಳ್ಳಿಹಳ್ಳಿ ತಿರುಗಿ ಇದನ್ನು ಹಾಕಿಸುತ್ತಿದ್ದ. ನಮ್ಮ ಅಜ್ಜಿಯರ ತೋಳಿನ ಮೇಲಿದ್ದ ಆ ದುಂಡನೆಯ ಗುರುತಿನ ಹಿಂದೆ ಈ ಪುಟ್ಟ ತೋಳು ಉಂಟು.

‘1802 ಹತ್ತೊಂಬತ್ತನೇ ಶತಮಾನ’ ಎಂದು ಸಮಿತಿಯವರು ತಕರಾರು ತೆಗೆದರು. ಕಲಮು ಒಂದರ ಚೀಟಿ ತೆಗೆದು ತೋರಿಸಿದೆ. ಮೂರು ವರ್ಷದ ಮಗು ಎಂದರೆ ಹುಟ್ಟಿದ್ದು ಶತಮಾನದ ಒಳಗೆ. ರಾಯಣ್ಣನಿಗೆ ಇರುವ ಬಾಗಿಲು ಅನ್ನಾಳಿಗೂ ಇದೆ. ಕಾರ್ಯದರ್ಶಿಗಳು ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಹೆಸರು ಬರೆದುಕೊಂಡರು.

ಸಾಮಾನು: ಮನೆಯ ಫ್ರಾಕು. ಎಡತೋಳಿನ ಕೈಯನ್ನು ಮೇಲಕ್ಕೆ ಮಡಚಿ ಒಂದು ಸೇಫ್ಟಿ ಪಿನ್ನು. ಖರ್ಚು ಇಲ್ಲ.

ಅಕ್ಕ ಮೈಕಿನಲ್ಲಿ ನಾಲ್ಕು ವಾಕ್ಯ ಓದಿದಳು. ಮಗಳು ನಾಲ್ಕು ಹೆಜ್ಜೆ ನಡೆದು, ಲೈಟಿಗೆ ಕಣ್ಣು ಕಿರಿದು ಮಾಡಿ, ಹೇಳಿಕೊಟ್ಟ ಹಾಗೆ ತೋಳು ಮುಂದಕ್ಕೆ ಚಾಚಿ ನಿಂತಳು. ಮುಂದಿನ ಸಾಲಿನಲ್ಲಿ ವೆಲ್ವೆಟ್ ಕೋಟಿನವರೆಲ್ಲ ಕತ್ತಿ ಕೆಳಗಿಟ್ಟು ಚಿಕ್ಕಿ ತಿನ್ನುತ್ತಿದ್ದರು. ಯಾರೂ ಏನೂ ಹೇಳಲಿಲ್ಲ. ತೋಳು ಹಾಗೇ ಚಾಚಿಕೊಂಡಿತ್ತು, ಸ್ವಲ್ಪ ನಡುಗುತ್ತಿತ್ತು. ಕೊನೆಗೆ ತೀರ್ಪುಗಾರರಲ್ಲಿ ಹಿರಿಯರಾದ ಒಬ್ಬ ಟೀಚರು ಎದ್ದುಬಂದು, ಬಗ್ಗಿ, ಪೆನ್ನಿನ ಮುಚ್ಚಳದಿಂದ ಆ ತೋಳನ್ನು ಮೆಲ್ಲಗೆ ಮುಟ್ಟಿದರು.

‘ಆಯ್ತಾ?’ ಎಂದು ಕೇಳಿತು ಮಗು.

‘ಆಯ್ತು ಪುಟ್ಟಿ’ ಎಂದರು ಅವರು.